ತೊಳೆಯಬಾರದ ಕಲ್ಲು

ನಮ್ಮೂರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿಕೊಂಡು ಬರುತ್ತೀರಿ. ಬಂದ ಕೂಡಲೇ ನಿಮ್ಮ ಕಲ್ಲು ಯಾವುದು ಎಂದು ಕೇಳುತ್ತೇವೆ. ನಿಮ್ಮ ಹತ್ತಿರ ಕಲ್ಲಿರುವುದಿಲ್ಲ. ಕಲ್ಲಿಲ್ಲದವರ ಜೊತೆ ನಾವು ಮಾತಾಡುವುದಿಲ್ಲ. ಸುಮ್ಮನೆ ನಿಮಗೂ ಬೇಜಾರು, ನಮಗೂ ಬೇಜಾರು.

ಹೆಕ್ಕು, ಬರೆಸು, ತೊಳೆಸು, ಇಡು. ನಮ್ಮ ಮಕ್ಕಳು ತೊಟ್ಟಿಲಲ್ಲಿ ಕೇಳುವ ಮಾತು ಇಷ್ಟೇ. ಹದಿನೆಂಟು ತುಂಬಿದವರು ಗುಡ್ಡಕ್ಕೆ ಹೋಗಿ ಒಂದು ಕಲ್ಲು ಹೆಕ್ಕಬೇಕು. ಒಂದೇ, ಜೀವಮಾನಕ್ಕೆ ಒಂದೇ ಸಲ. ಅದು ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಚೀಟಿ ಬರೆಸಬೇಕು. ಬರೆಸಿದ ಮೇಲೆ ತೊಳೆಸಬೇಕು. ತೊಳೆದದ್ದನ್ನು ಕಲ್ಲುಮನೆಯ ಖಾನೆಯಲ್ಲಿ, ಹತ್ತಿಯ ಹಾಸಿನ ಮೇಲೆ, ಚೀಟಿಯ ಸಮೇತ ಇಡಬೇಕು. ಚೀಟಿ ಬರೆಯುವವನು ನಾನು. ತೊಳೆಯುವವಳು ಬಾವಿಯ ಪಕ್ಕದ ಮನೆಯಾಕೆ. ಇಡುವವರು ಕೀಲಿಕೈಯವರು, ಕಲ್ಲುಮನೆಯ ಕೀಲಿಕೈ ಅವರ ಸೊಂಟದಲ್ಲೇ ಹುಟ್ಟಿತೇನೋ ಎನ್ನುವಷ್ಟು ಹಳಬರು.

ಕಲ್ಲು ಖಾನೆಗೆ ಹೋದ ಮೇಲೆ ಮನುಷ್ಯನ ಅಗತ್ಯ ಅಷ್ಟಾಗಿ ಬೀಳುವುದಿಲ್ಲ. ಕ್ಷೌರದವನಿಗೆ ಜ್ವರ ಬಂದಾಗ ವೈದ್ಯರು ಕಲ್ಲುಮನೆಗೆ ಹೋಗಿ ಅವನ ಕಲ್ಲು ಮುಟ್ಟಿ ನೋಡಿದರು. ತಣ್ಣಗಿತ್ತು. ಜ್ವರವಿಲ್ಲ ಎಂದರು. ಕ್ಷೌರದವನು ಆ ವಾರವೆಲ್ಲ ನಡುಗುತ್ತಲೇ ಊರಿನ ಗಡ್ಡ ಬೋಳಿಸಿದ. ಯಾರಾದರೂ ಹೊಡೆದಾಡಿದರೆ ಅವರ ಕಲ್ಲನ್ನು ಎಂಟು ದಿನ ಗೋಡೆಗೆ ಮುಖ ಮಾಡಿ ಇಡುತ್ತೇವೆ. ಹೊಡೆದವನು ಆ ಎಂಟು ದಿನ ಹೊಡೆಸಿಕೊಂಡವನ ಜೊತೆಗೇ ಎಲೆ ಅಡಿಕೆ ಹಾಕಿಕೊಂಡು ಕೂತಿರುತ್ತಾನೆ. ಮದುವೆಗೆ ಮುಂಚೆ ಎರಡೂ ಕಲ್ಲು ಉಜ್ಜಿ, ಯಾವುದು ಯಾವುದನ್ನು ಗೀರುತ್ತದೆ ಎಂದು ನೋಡುತ್ತೇವೆ. ನನ್ನ ಹೆಂಡತಿಯ ಕಲ್ಲು ನನ್ನದನ್ನು ಈ ತುದಿಯಿಂದ ಆ ತುದಿಗೆ ಗೀರಿತು. ಆಮೇಲೆ ಮನೆಯಲ್ಲಿ ನಾನು ಹೆಚ್ಚು ಮಾತಾಡಿದ್ದಿಲ್ಲ. ಸತ್ತವರ ಕಲ್ಲನ್ನು ಖಾನೆಯಿಂದ ತೆಗೆಯಬೇಕು ಎಂದು ಎಲ್ಲೂ ನಿಯಮವಿಲ್ಲ. ಆದ್ದರಿಂದ ನಮ್ಮೂರಲ್ಲಿ ಇಲ್ಲಿಯ ತನಕ ಯಾರೂ ಸತ್ತಿಲ್ಲ.

ವರ್ಷಕ್ಕೊಮ್ಮೆ ಖಾನೆ ಮುಚ್ಚುವ ದಿನ ಬರುತ್ತದೆ. ಆ ದಿನ ಹೊತ್ತು ಮುಳುಗುವಾಗ ಯಾರ ಖಾನೆಯಲ್ಲಿ ಕಲ್ಲಿಲ್ಲವೋ ಅವರು ಖಾಲಿ. ಖಾಲಿಯಾದವರು ಕೂಗಿದರೆ ಓಗೊಡಬಾರದು, ಕೇಳಿದರೆ ಕೊಡಬಾರದು. ಓಗೊಟ್ಟವರೂ ಖಾಲಿ. ನಾನು ಈ ಕೆಲಸಕ್ಕೆ ಸೇರಿದ ವರ್ಷ ಒಬ್ಬ ತನ್ನ ಕಲ್ಲನ್ನು ತೊಳೆಸಲು ತರುವಾಗ ಬಾವಿಗೆ ಬೀಳಿಸಿಕೊಂಡ. ಹೊತ್ತು ಮುಳುಗಿತು, ಅವನು ಖಾಲಿಯಾದ. ಮೂರು ದಿನ ಬೀದಿಯ ನಡುವೆ ನಿಂತು ಏನೋ ಕೇಳುತ್ತಿದ್ದ. ನಾಲ್ಕನೆಯ ದಿನ ಇರಲಿಲ್ಲ. ಏನು ಕೇಳುತ್ತಿದ್ದನೋ ಗೊತ್ತಿಲ್ಲ ಎಂದು ಊರಿನವರು ಈಗಲೂ ಹೇಳುತ್ತಾರೆ. ನನಗೆ ಗೊತ್ತು. ನೀರು ಕೇಳುತ್ತಿದ್ದ. ನನ್ನ ಜಗಲಿಯ ಮೇಲೆ ತುಂಬಿದ ಕೊಡವಿತ್ತು. ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

ಈ ವರ್ಷ ತೊಳೆಯುವವಳ ಮಗಳಿಗೆ ಹದಿನೆಂಟು ತುಂಬಿತು. ಆಡು ಮೇಯಿಸುವ ಹುಡುಗಿ, ಗುಡ್ಡದ ಮೂಲೆಮೂಲೆಯೂ ಗೊತ್ತು. ಆದರೂ ಹೊರಡುವ ಮುನ್ನ ನನ್ನ ಹತ್ತಿರ ಬಂದು, ಹೇಗೆ ಶುರು ಮಾಡುವುದು ಮಾಮ ಎಂದು ಕೇಳಿದಳು. ಕೇಳಿದವರು ಕಡಿಮೆ, ನನಗೆ ಹಿಗ್ಗಾಯಿತು. ಬೆಳಿಗ್ಗೆಯೇ ಹೋಗು ಎಂದೆ. ಮೊದಲು ಹೊಳೆದದ್ದನ್ನು ಬಿಟ್ಟುಬಿಡು, ಅದು ಎಲ್ಲರಿಗೂ ಹೊಳೆಯುತ್ತದೆ. ಸುತ್ತಿಗೆಯಿಂದ ಕಲ್ಲಿಗೇ ಹೊಡೆಯಬೇಡ, ಕಲ್ಲಿನ ಸುತ್ತ ಹೊಡಿ. ಹಳೇ ಸೀರೆಯ ತುಂಡು ಒಯ್ದು ಅದರಲ್ಲಿ ಸುತ್ತು, ಬುತ್ತಿಯ ಜೊತೆ ಹಾಕಬೇಡ. ಎಲ್ಲಿ ಸಿಕ್ಕಿತು ಎಂಬುದನ್ನು ಅಲ್ಲೇ ನಿಂತು ಮೂರು ಸಲ ಬಾಯಿಬಿಟ್ಟು ಹೇಳಿಕೋ. ಮನೆಗೆ ಬರುವಷ್ಟರಲ್ಲಿ ನೆನಪು ತನಗೆ ಬೇಕಾದಂತೆ ಹೇಳಲು ಶುರು ಮಾಡುತ್ತದೆ. ಅವಳು ತಲೆಯಾಡಿಸಿ ಹೋದಳು.

ಸಂಜೆ ಬಂದು ಸೀರೆಯ ತುಂಡು ಬಿಚ್ಚಿದಳು. ಎಷ್ಟೋ ವರ್ಷ ಕಲ್ಲು ನೋಡಿದ್ದೇನೆ, ಅಂಥದ್ದು ನೋಡಿರಲಿಲ್ಲ. ನಾಲ್ಕು ಮೂಲೆ ಅಳೆದು ಕಡೆದಂತಿತ್ತು, ಯಾರೂ ಕಡೆದದ್ದಲ್ಲ. ಅಂಗೈ ಮೇಲಿಟ್ಟರೆ ಕಲ್ಲಿನ ಮೂಲಕ ಅಂಗೈಯ ಗೆರೆ ಕಾಣುತ್ತಿತ್ತು. ನನಗೆ ಹೊಟ್ಟೆಕಿಚ್ಚಾಯಿತು. ಅವಳು ಹೇಳಿದಳು, ನಾನು ದುಂಡು ಅಕ್ಷರದಲ್ಲಿ ಬರೆದೆ. ಮಸಿ ಆರಲಿ ಎಂದು ಊದಿದೆ, ಮಡಚಿ ಜೇಬಿಗೆ ಹಾಕಿದೆ. ಬರೆದದ್ದು ಏನೆಂದು ನೋಡಲಿಲ್ಲ. ನಮ್ಮೂರಲ್ಲಿ ಚೀಟಿ ಬರೆಯುತ್ತಾರೆ, ಓದುವ ಪದ್ಧತಿಯಿಲ್ಲ. ಬರೆದದ್ದು ಇದ್ದರೆ ಸಾಕು.

ತೊಳೆಯುವುದಕ್ಕೂ ಒಂದು ಕ್ರಮವಿದೆ. ಕಲ್ಲನ್ನು ಮಣ್ಣಿನ ಬಾನಿಯಲ್ಲಿ ಹಾಕಿ, ಬಾವಿ ನೀರು ತುಂಬಿ, ಮೇಲೆ ಹಲಗೆ ಮುಚ್ಚಿ, ಹಲಗೆಯ ಮೇಲೆ ಭಾರ ಹೇರಿ ಮೂರು ದಿನ ನೆನೆಸಬೇಕು. ನಡುವೆ ಇಣುಕಬಾರದು. ನಾಲ್ಕನೆಯ ದಿನ ತೆಗೆದು ತೆಂಗಿನ ನಾರಿನಲ್ಲಿ ಉಜ್ಜಿ, ಸಂದಿಯ ಮಣ್ಣನ್ನು ಬಿದಿರುಕಡ್ಡಿಯಲ್ಲಿ ಕೆದಕಿ, ಕೆಂಪು ಕಲೆಯಿದ್ದರೆ ಹುಣಸೆಹುಳಿ ಹಚ್ಚಿ, ನೆರಳಲ್ಲಿ ಒಣಗಿಸಬೇಕು. ತೊಳೆಯುವವಳು ನಲವತ್ತು ವರ್ಷ ಹೀಗೆ ಊರನ್ನು ತೊಳೆದವಳು. ಬೇರೆಯವರ ಕಲ್ಲಿಗೆ ಅರ್ಧ ಕೊಡ ನೀರು ಹಾಕುತ್ತಿದ್ದವಳು ಮಗಳ ಕಲ್ಲಿಗೆ ಒಂದು ಕೊಡ ಸುರಿದಳು. ಮಗಳಲ್ಲವೇ.

ನಾಲ್ಕನೆಯ ದಿನ ಬೆಳಿಗ್ಗೆ ನನ್ನ ಬಾಗಿಲಿಗೆ ಬಂದಳು. ಕೈಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ತಮ್ಮಾ, ಬಾನೀಲಿ ಕಲ್ಲಿಲ್ಲ."

ಹೋಗಿ ನೋಡಿದೆ. ಹೇರಿದ ಭಾರ ಹೇರಿದಂತೆಯೇ ಇತ್ತಂತೆ, ಹಲಗೆ ಮುಚ್ಚಿದಂತೆಯೇ ಇತ್ತಂತೆ. ಒಳಗೆ ನೀರಿತ್ತು, ತಳದಲ್ಲಿ ಚಿಟಿಕೆ ಮಣ್ಣಿತ್ತು. ತೋಳು ಮುಳುಗಿಸಿ ತಡಕಾಡಿದೆ. ಮಗಳು ಹೊಸ್ತಿಲಲ್ಲಿ ಕೂತು ತನ್ನ ಕೈ ತಾನೇ ನೋಡಿಕೊಳ್ಳುತ್ತಿದ್ದಳು. ಮರುದಿನವೇ ಖಾನೆ ಮುಚ್ಚುವ ದಿನ.

ಬಾನಿಯನ್ನು ಹೊತ್ತು ಕಲ್ಲುಮನೆಗೆ ಹೋದೆವು. ಊರು ಸೇರಿತು. ಕದ್ದವರು ಯಾರು ಎಂದು ಒಬ್ಬರು, ಕಲ್ಲು ತಾನೇ ಎದ್ದು ಹೋಯಿತು ಎಂದು ಇನ್ನೊಬ್ಬರು. ಕೀಲಿಕೈಯವರು ಬಾನಿಯೊಳಗೆ ಬಹಳ ಹೊತ್ತು ನೋಡಿ, ತೊಳೆದದ್ದಂತೂ ನಿಜ ಎಂದರು. ತೊಳೆದ ಮೇಲೆ ಎಷ್ಟು ಉಳಿಯಬೇಕು ಎಂದು ನಿಯಮದಲ್ಲಿ ಇಲ್ಲವಂತೆ. ಬಾನಿಯಲ್ಲಿ ಇರುವುದನ್ನೇ ಇಡೋಣವಂತೆ. ಅವರು ಕೆಟ್ಟವರಲ್ಲ, ನಿಯಮದ ಒಳಗೆ ಎಷ್ಟು ಒಳ್ಳೆಯವರಾಗಬಹುದೋ ಅಷ್ಟು ಒಳ್ಳೆಯವರು. ತಾವೇ ಒಂದು ಚೊಂಬು ನೀರನ್ನು ಹುಡುಗಿಯ ಖಾನೆಗೆ ಸುರಿದರು. ಹತ್ತಿ ಕುಡಿಯುವಷ್ಟು ಕುಡಿಯಿತು. ಉಳಿದದ್ದು ಸಂದಿಯಿಂದ ಇಳಿದು ಕೆಳಗಿನ ಖಾನೆಗೆ ತೊಟ್ಟಿಕ್ಕಿತು. ಅದು ಕೀಲಿಕೈಯವರ ತಾತನ ಖಾನೆ. ತಾತ ಒದ್ದೆಯಾದರು ಎಂದು ಗದ್ದಲವಾಯಿತು. ತಾತನನ್ನು ಒರೆಸಿ, ಕಂಬಳಿಯಲ್ಲಿ ಸುತ್ತಿ, ಬಿಸಿಲಿಗೆ ಕೂರಿಸಿ ಬಂದರು.

ಆಮೇಲೆ ಕೀಲಿಕೈಯವರು ಹುಡುಗಿಯ ಕಡೆ ನೋಡುವುದನ್ನು ನಿಲ್ಲಿಸಿದರು. ಅವಳ ಪಕ್ಕ ನಿಂತಿದ್ದ ನೆರೆಮನೆಯಾಕೆ ಒಂದು ಹೆಜ್ಜೆ ಸರಿದಳು. ನಾಳೆ ಸಂಜೆಯವರೆಗೆ ಹುಡುಗಿ ಇದ್ದಾಳೆ, ಆದರೂ ಓಗೊಡದೆ ಇರುವುದನ್ನು ಇವತ್ತಿನಿಂದಲೇ ಅಭ್ಯಾಸ ಮಾಡಿಕೊಂಡರೆ ನಿನಗೇ ಸುಲಭ ಎಂದು ಊರಿನವರು ತೊಳೆಯುವವಳಿಗೆ ಬುದ್ಧಿ ಹೇಳಿದರು. ಹೇಳಿದವರ ದನಿಯಲ್ಲಿ ಕರುಣೆಯೇ ಇತ್ತು.

ತೊಳೆಯುವವಳು ನನ್ನ ಕಡೆ ತಿರುಗಿದಳು. "ಚೀಟಿ ಓದು ತಮ್ಮಾ."

"ಓದ್ಬೇಕಾ ಅಕ್ಕಾ?"

"ಬರ್ದಿದೀಯಲ್ಲ, ಓದು."

ಕಲ್ಲುಮನೆಯಲ್ಲಿ ಚೀಟಿ ಓದಿದ್ದು ಅದೇ ಮೊದಲು. ನನ್ನದೇ ಅಕ್ಷರ, ತಡವರಿಸಿದೆ. ಸಿಕ್ಕಿದ ಜಾಗ, ಗುಡ್ಡದ ಮೂಡಲ ಮಗ್ಗುಲು, ಆಡುಗಳು ನೆಕ್ಕಿ ನೆಕ್ಕಿ ಗುಳಿಬಿದ್ದ ಬಂಡೆಯ ಬುಡ. ಮೊಳಕೈ ಆಳ ಅಗೆದು ತೆಗೆದದ್ದು. ತೆಗೆದ ಮೇಲೆ ಆಡುಗಳು ಸೀರೆಯ ತುಂಡನ್ನು ಬಿಡಲಿಲ್ಲ, ಊರ ಬಾಗಿಲವರೆಗೆ ಹಿಂದೆ ಬಂದವು.

ಓದಿ ಮುಗಿಸಿದಾಗ ತೊಳೆಯುವವಳು ಬಾನಿಯಲ್ಲಿ ಬೆರಳು ಅದ್ದಿ ನಾಲಿಗೆಗೆ ಇಟ್ಟುಕೊಂಡಳು. ಕಣ್ಣು ಮುಚ್ಚಿದಳು. ಇನ್ನೊಮ್ಮೆ ಅದ್ದಿದಳು.

"ಉಪ್ಪು" ಎಂದಳು.

ಉಪ್ಪು ನಮಗೆ ಗೊತ್ತಿಲ್ಲದ್ದೇನಲ್ಲ. ವರ್ಷಕ್ಕೊಮ್ಮೆ ಹೊರಗಿನವರು ಊರ ಬಾಗಿಲಲ್ಲಿ ಮೂಟೆ ಇಳಿಸಿ, ಮಾತಾಡದೆ ಹೋಗುತ್ತಾರೆ. ಅದು ಪುಡಿ. ಅದು ಯಾವತ್ತೋ ಎಲ್ಲೋ ಕಲ್ಲಾಗಿತ್ತು ಎಂದು ಯಾರ ತಲೆಗೂ ಹೊಳೆದಿರಲಿಲ್ಲ. ತೊಳೆಯುವವಳು ಖಾನೆಯ ಹತ್ತಿಯನ್ನು ಬಾನಿಗೆ ಹಿಂಡಿ, ಬಾನಿಯನ್ನು ತಲೆಯ ಮೇಲೆ ಹೊತ್ತು ನಡೆದಳು. ಬುದ್ಧಿ ಕೆಟ್ಟಿತು ಪಾಪ ಎಂದರು. ನಾನು ಅವಳ ಹಿಂದೆ ಹೋದೆ, ಕಲ್ಲುಮನೆಯಲ್ಲಿ ನಿಲ್ಲಲು ಮನಸ್ಸಾಗಲಿಲ್ಲ.

ಹಿತ್ತಿಲಲ್ಲಿ ಒಲೆ ಹೂಡಿ, ಅಗಲವಾದ ಬಾಣಲೆ ಇಟ್ಟು, ನೀರನ್ನು ಸೋಸಿ ಸುರಿದು ಕುದಿಸಲು ನಿಂತಳು. ಮಗಳು ಸೌದೆ ಒಡ್ಡಿದಳು. ಹೊತ್ತು ನೆತ್ತಿಗೆ ಬಂತು, ನೀರು ಕುದಿಯಿತು. ಹೊತ್ತು ಇಳಿಯಿತು, ನೀರು ಕುದಿಯಿತು. ನಲವತ್ತು ವರ್ಷ ಕೊಳೆ ತೆಗೆದಿದ್ದೇನೆ, ಕೊಳೆ ಯಾವುದು ಕಲ್ಲು ಯಾವುದು ಎಂದು ಒಂದು ದಿನವೂ ನೋಡಲಿಲ್ಲ ಎಂದು ಅವಳು ಬಾಣಲೆಗೇ ಹೇಳಿಕೊಳ್ಳುತ್ತಿದ್ದಳು. ಚೀಟಿ ಓದಿದ್ದರೆ ಸಾಕಿತ್ತು ಎಂದು ನಾನು ಹೇಳಬೇಕಿತ್ತು. ಓದಬೇಕಾದವನು ನಾನೇ ಆಗಿದ್ದರಿಂದ ಇನ್ನೊಂದು ಸೌದೆ ತಂದುಕೊಟ್ಟೆ. ಬಾಣಲೆಯ ತಳದಲ್ಲಿ ಎರಡು ಬೆರಳು ನೀರು ಉಳಿದಾಗ ಅವಳು ಬೆಂಕಿ ಎಳೆದು, ಕೆಂಡದ ಕಾವಿನಲ್ಲಿ ಹಾಗೇ ಬಿಟ್ಟಳು. ಅವಸರ ಮಾಡಿದರೆ ಪುಡಿಯಾಗುತ್ತದೆ ಎಂದಳು. ಯಾರು ಹೇಳಿಕೊಟ್ಟರೋ.

ಮರುದಿನ ಬಿಸಿಲು ಏರಿದಾಗ ಬಾಣಲೆಯಲ್ಲಿ ಮೂಡಿತು. ಮೊದಲು ಕೆನೆಯಷ್ಟು ತೆಳುವಾಗಿ, ಆಮೇಲೆ ಹರಳು ಹರಳಾಗಿ. ಜೋಳದ ಕಾಳಿನಷ್ಟು, ಕೆಲವು ಅವರೆಕಾಳಿನಷ್ಟು. ಬಗ್ಗಿ ನೋಡಿದೆ. ಒಂದೊಂದಕ್ಕೂ ನಾಲ್ಕು ಮೂಲೆ ಸರಿಯಾಗಿತ್ತು. ಮಗಳು ಒಂದನ್ನು ಅಂಗೈ ಮೇಲಿಟ್ಟು ಅದರ ಮೂಲಕ ತನ್ನ ಗೆರೆ ನೋಡಿಕೊಂಡಳು. ಆಗ ನನಗೆ ಅಳು ಬಂತು, ಹೊಗೆಯ ನೆಪ ಹೇಳಿದೆ. ಒಲೆ ಆರಿ ಅರ್ಧ ದಿನವಾಗಿತ್ತು.

ಮಧ್ಯಾಹ್ನ ಹರಳುಗಳನ್ನು ಅದೇ ಸೀರೆಯ ತುಂಡಿನಲ್ಲಿ ಕಟ್ಟಿಕೊಂಡು ಹೋದೆವು. ಕೀಲಿಕೈಯವರು ಬಿಚ್ಚಿ ನೋಡಿದರು. ಚೀಟಿಯಲ್ಲಿ ಒಂದು ಕಲ್ಲು ಎಂದಿದೆ, ಇದು ಎಷ್ಟಿದೆ ಎಂದರು. ಎಣಿಸಲು ಕೂತರು, ಬೆರಳಿಗೆ ಅಂಟಿದವು ಬೇರೆ, ಬಿಟ್ಟರು. ಗುಡ್ಡದಲ್ಲಿ ಸಿಕ್ಕಿದ್ದು ಎಂದಿದೆ, ಇದು ಬಾಣಲೆಯಲ್ಲಿ ಸಿಕ್ಕಿದೆ ಎಂದರು. ಅದೇ ಇದು ಎನ್ನುವುದಕ್ಕೆ ಸಾಕ್ಷಿ ಯಾರು ಎಂದು ಕೇಳಿದರು.

"ಆಡು" ಎಂದಳು ಹುಡುಗಿ.

ಆಡನ್ನು ತಂದರು. ಕಂದು ಬಣ್ಣದ ಮುದಿ ಆಡು, ಗಡ್ಡದಲ್ಲಿ ಕೀಲಿಕೈಯವರನ್ನು ಮೀರಿಸುವಂಥದ್ದು. ಸೀರೆಯ ತುಂಡು ಕಂಡದ್ದೇ ತಡ, ಹಗ್ಗ ಕಿತ್ತುಕೊಂಡು ಬಂದು ನಾಲಿಗೆ ಚಾಚಿತು. ಎಳೆದು ಹಿಡಿದರು. ಒಂದು ಸಾಕ್ಷಿ ಸಾಲದು, ಆಡು ಎಲ್ಲ ಕಲ್ಲನ್ನೂ ನೆಕ್ಕುವ ಜಾತಿಯೇ ಇರಬಹುದು, ಪರೀಕ್ಷೆಯಾಗಲಿ ಎಂದರು ಕೀಲಿಕೈಯವರು. ನಿಯಮ ಎಂದ ಮೇಲೆ ನಿಯಮ. ಆಡನ್ನು ಖಾನೆಯಿಂದ ಖಾನೆಗೆ ಕರೆದೊಯ್ದರು. ಎಳೆದರು, ತೋರಿಸಿದರು, ಮುಚ್ಚಿದರು. ಎಳೆದರು, ತೋರಿಸಿದರು, ಮುಚ್ಚಿದರು. ಊರಿನ ಹಿರಿಯರು, ಸಾಯದೆ ಉಳಿದ ಪೂರ್ವಜರು, ಕ್ಷೌರದವನು, ವೈದ್ಯರು, ನನ್ನ ಹೆಂಡತಿ, ನಾನು. ಆಡು ಪ್ರತಿಯೊಬ್ಬರನ್ನೂ ಮೂಸಿ ಮುಖ ತಿರುಗಿಸಿತು. ಕಂಬಳಿಯಲ್ಲಿದ್ದ ತಾತನನ್ನು ಮಾತ್ರ ಒಮ್ಮೆ ನೆಕ್ಕಿತು. ನಿನ್ನೆ ಅವರ ಮೇಲೆ ನೀರು ತೊಟ್ಟಿಕ್ಕಿತ್ತಲ್ಲ. ಕೀಲಿಕೈಯವರ ಕಲ್ಲಿನ ಮುಂದೆ ಸೀನಿತು.

ಊರಿಗೆ ಅವಮಾನವಾಯಿತು. ನೂರಾರು ವರ್ಷ ತೊಳೆದು ಹತ್ತಿಯಲ್ಲಿಟ್ಟವರನ್ನು ಆಡು ಬೇಡ ಎಂದಿತಲ್ಲ. ಕೀಲಿಕೈಯವರು ಮೂಗು ಒರೆಸಿಕೊಂಡು ತೀರ್ಪು ಕೊಟ್ಟರು. ಆಡಿಗೆ ಕಲ್ಲಿಲ್ಲ. ಕಲ್ಲಿಲ್ಲದವರ ಸಾಕ್ಷಿ ನಡೆಯುವುದಿಲ್ಲ.

ಹೊತ್ತು ಮುಳುಗಿತು. ಖಾನೆಗಳೆಲ್ಲ ಒಂದೊಂದಾಗಿ ಮುಚ್ಚಿದವು. ಹುಡುಗಿಯದು ಖಾಲಿಯಾಗಿಯೇ ಮುಚ್ಚಿತು.

ಹುಡುಗಿ ಮಧ್ಯಾಹ್ನದಿಂದ ನಿಂತೇ ಇದ್ದಳು. ಗಂಟಲು ಒಣಗಿತ್ತು.

"ಸ್ವಲ್ಪ ನೀರು ಕೊಡ್ತೀರಾ?"

ಎಲ್ಲರಿಗೂ ಕೇಳಿತು. ಎಲ್ಲರೂ ಮಾಡಿನ ತೊಲೆ ನೋಡಿದರು. ತೊಳೆಯುವವಳು ಯೋಚಿಸಲೇ ಇಲ್ಲ. ಕಲ್ಲುಮನೆಯ ಹಂಡೆಯಿಂದ ಚೊಂಬು ತುಂಬಿ ತಂದು, ಕುಡಿ ಮಗಳೇ ಎಂದಳು, ಎಲ್ಲರಿಗೂ ಕೇಳುವಂತೆ. ಕೀಲಿಕೈಯವರು ಮಾತಿಲ್ಲದೆ ಅವಳ ಖಾನೆ ಎಳೆದು, ಅವಳ ಕಲ್ಲನ್ನೂ ಚೀಟಿಯನ್ನೂ ನೆಲದ ಮೇಲೆ ಇಟ್ಟರು.

ಹುಡುಗಿ ನೀರು ಕುಡಿದು ಬಾಯಿ ಒರೆಸಿಕೊಂಡು ನನ್ನ ಮುಂದೆ ಬಂದು ನಿಂತಳು. "ಮಾಮ, ನನ್ನ ಚೀಟಿ ನಿಮ್ಮ ಹತ್ರಾನೇ ಇದೆ."

ನನಗೆ ನನ್ನ ಜಗಲಿ ನೆನಪಾಯಿತು, ಅದರ ಮೇಲಿನ ತುಂಬಿದ ಕೊಡ ನೆನಪಾಯಿತು. ನಾನು ಧೈರ್ಯವಂತನಲ್ಲ. ಜೇಬಿನಿಂದ ಚೀಟಿ ತೆಗೆದೆ. ಕಿವಿಯ ಹಿಂದಿನ ಲೇಖನಿ ತೆಗೆದು ಕೊನೆಗೆ ಒಂದು ಸಾಲು ಸೇರಿಸಿದೆ: ತೊಳೆಯಬಾರದು.

"ತಗೋ ಮಗಳೇ. ಒಂದು ಸಲ ಓದಿ ನೋಡು, ಎಲ್ಲಾ ಸರಿ ಇದೆಯಾ ಅಂತ."

ಅವಳು ನಿಂತು, ಬೆರಳಿಟ್ಟು, ಕೊನೆಯ ತನಕ ಓದಿದಳು. ಸರಿ ಇದೆ ಎಂದಳು.

ಕೀಲಿಕೈಯವರು ನನ್ನ ಖಾನೆಯನ್ನೂ ಎಳೆದರು. ನನ್ನ ಕಲ್ಲು ನಾನು ನೆನಪಿಟ್ಟುಕೊಂಡದ್ದಕ್ಕಿಂತ ಚಿಕ್ಕದಿತ್ತು. ಹೊರಗೆ ಬೆಳಕು ಪೂರ್ತಿ ಹೋಗಿರಲಿಲ್ಲ. ಮೆಟ್ಟಿಲ ಮೇಲೆ ನಿಂತು ನನ್ನ ಚೀಟಿ ಬಿಚ್ಚಿದೆ. ನನಗಿಂತ ಹಿಂದಿನ ಚೀಟಿ ಬರೆಯುವವನ ಕೈ. ಸಿಕ್ಕಿದ ಜಾಗ, ಗುಡ್ಡಕ್ಕೆ ಹೋಗುವ ದಾರಿಯ ಬದಿ. ಗುಡ್ಡದ ತನಕ ಹೋಗಲಿಲ್ಲವಂತೆ, ಕಾಲು ನೋಯುತ್ತಿತ್ತಂತೆ. ನಾನೇ ಹೇಳಿ ಬರೆಸಿದ್ದಿರಬೇಕು. ಇಷ್ಟು ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದದ್ದು ಗುಡ್ಡದ ತುದಿ ಎಂದು.

ತೊಳೆಯುವವಳ ಹಿತ್ತಿಲಲ್ಲಿ ಗಂಜಿ ಮಾಡಿದೆವು. ಮಡಕೆಗೆ ತಟ್ಟೆ ಮುಚ್ಚಿ, ಹಾರದಿರಲಿ ಎಂದು ನನ್ನ ಕಲ್ಲನ್ನು ಮೇಲೆ ಇಟ್ಟೆ. ಮಗಳು ಅವರೆಕಾಳಿನಷ್ಟು ದೊಡ್ಡ ಹರಳುಗಳಲ್ಲಿ ಒಂದನ್ನು ಆಯ್ದು, ಬೇಲಿಯ ಮೇಲಿಂದ ತಲೆ ಹಾಕಿದ್ದ ಆಡಿಗೆ ಕೊಟ್ಟಳು. ಮೂರು ಹರಳು ಗಂಜಿಗೆ ಹಾಕಿದಳು. ಉಳಿದದ್ದನ್ನು ಚೀಟಿಯ ಸಮೇತ ಸೀರೆಯ ತುಂಡಿನಲ್ಲಿ ಕಟ್ಟಿ, ಒದ್ದೆ ತಾಗದಂತೆ ಒಲೆಯ ಮೇಲಿನ ಗೂಡಿನಲ್ಲಿ ಇಟ್ಟಳು. ಬೀದಿಯಲ್ಲಿ ಜನ ಹೋಗುತ್ತಿದ್ದರು, ನಾವು ಅವರಿಗೆ ಕಾಣಲಿಲ್ಲ.

ಆಗ ನನ್ನ ಹೆಂಡತಿ ಬಂದಳು. ಕೈಯಲ್ಲಿ ಊಟದ ತಟ್ಟೆ. ಸೆರಗಿನ ಗಂಟಿನಲ್ಲಿ ಏನೋ ಭಾರ. ಕೀಲಿಕೈಯವರು ತೆಗೆಯುವ ತನಕ ಅವಳು ಕಾಯಲಿಲ್ಲವಂತೆ, ತಾನೇ ಖಾನೆ ಎಳೆದು ತನ್ನ ಕಲ್ಲನ್ನು ಕಿತ್ತುಕೊಂಡು ಬಂದಳಂತೆ. ನನ್ನ ಪಕ್ಕ ಕೂತಳು. ನನ್ನ ಕಡೆ ನೋಡಲಿಲ್ಲ. ತಟ್ಟೆಯನ್ನು ಹುಡುಗಿಯ ಮುಂದೆ ಚಾಚಿ ಗಂಜಿ ಹಾಕಿಸಿಕೊಂಡಳು. ಒಂದು ಗುಟುಕು ಕುಡಿದು, ಉಪ್ಪು ಹಾಕಿದವರು ಯಾರು ಎಂದಳು.

"ನಾನು" ಎಂದಳು ಹುಡುಗಿ.

"ಹದವಾಗಿದೆ" ಎಂದಳು ನನ್ನ ಹೆಂಡತಿ, ಮತ್ತು ಇನ್ನೊಂದು ಸೌಟು ಕೇಳಿದಳು.